ಮಾಳಿಗೆ ಹತ್ತುವ ಮುನ್ನ

ವೆಸ್ಟ್‌ಮಂಟ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದವರು ಇಬ್ಬರು: ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್ ಊರಿನ ರಘು ಮತ್ತು ದೂರದ ಆನ್ ಆರ್ಬರ್‌ನಿಂದ ಡ್ರೈವ್ ಮಾಡಿಕೊಂಡು ಬಂದ ಗಿರಿಜಾ ಆಂಟಿ. ಕೋಟು ಇಡಲು ಮಹಡಿಗೆ ಹೊರಟ ಆಂಟಿ ಮೆಟ್ಟಿಲ ಬುಡದಲ್ಲಿ ನಿಂತು, “ಮ್ಯಾಲ ಬರಾಕತ್ತೀನ್ರಿ, ಯಾರರ ಅದೀರೇನು?” ಎಂದು ಕೂಗಿದರು. ಮೇಲೆ ಯಾರೂ ಇರಲಿಲ್ಲ. ರಘು ನಕ್ಕ.

ಆಂಟಿ ಗದಗಿನ ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರು. ಅಲ್ಲಿ ಮನೆಯ ಸಮತಟ್ಟು ಸೂರೇ ಮಾಳಿಗೆ, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ನಡೆದುಬಿಡಬಹುದು. ಸೂರಿನ ಬೆಳಕಿಂಡಿಯ ಕೆಳಗೆ ಯಾರು ಮೀಯುತ್ತಿರುತ್ತಾರೋ, ಯಾರು ಕೂಸಿಗೆ ಹಾಲು ಕುಡಿಸುತ್ತಿರುತ್ತಾರೋ! ಕೂಗದೆ ಹತ್ತಿದವನು ಕಳ್ಳನೆಂದೇ ಲೆಕ್ಕವಂತೆ. ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಾಗಿ ತಲೆ ನರೆತರೂ ಆ ಕೂಗು ಬಿಟ್ಟಿರಲಿಲ್ಲ.

ಆ ಊಟದಲ್ಲೇ, ರಘು ನಡೆಸುತ್ತಿದ್ದ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನ ಮೊರಾಕ್ಕೊ ಪ್ರವಾಸ ನಿಶ್ಚಯವಾಯಿತು.

ಮರುಭೂಮಿಯ ಅಂಚಿನ ಆ ಕೋಟೆಹಳ್ಳಿ ಗುಡ್ಡದ ಮೈಗೆ ಅಂಟಿಕೊಂಡಿತ್ತು. ಕೆಂಪು ಮಣ್ಣಿನ ಬುರುಜುಗಳು, ಒಳಗೆ ಒತ್ತೊತ್ತಾಗಿ ಮನೆಗಳು, ಹೆಚ್ಚಿನವು ಖಾಲಿ. ಆಂಟಿ ಗೋಡೆ ಸವರಿ, ಮಣ್ಣಲ್ಲಿ ಬೆರೆಸಿದ ಹುಲ್ಲನ್ನು ನಮಗೆ ತೋರಿಸುತ್ತ ತವರಿಗೆ ಬಂದವರಂತೆ ನಡೆಯುತ್ತಿದ್ದರು. ಅಷ್ಟರಲ್ಲಿ ರಘು ಏಣಿ ಹತ್ತಿ ಒಂದು ಮಾಳಿಗೆಯ ಮೇಲಿದ್ದ.

“ಇಳಿಯೋ, ಒಳಗ ಮಂದಿ ಅದಾರ.”

“ಯಾರೂ ಇರಲ್ಲ ಆಂಟಿ, ಗೈಡೇ ಹೇಳಿದಾನೆ. ಸಿನಿಮಾ ಸೆಟ್ ಥರ ಇದು.”

“ಸೆಟ್ಟಿನಾಗ ರೊಟ್ಟಿ ಸುಡ್ತಾರೇನು? ಹೊಗಿ ಕಾಣವಲ್ದೇನು ನಿನಗ?”

ಗಾಳಿಯಲ್ಲಿ ಜಿಗಿದ ತನ್ನ ಸೆಲ್ಫಿ ಬೇಕೆಂದು ಅವನು ಮಾಳಿಗೆಯ ಮೇಲೇ ಹಾರಿಬಿಟ್ಟ. ಮಣ್ಣು ಕುಸಿದ ಸದ್ದಾಯಿತು. ಕೆಳಗಿನ ಬಾಗಿಲು ತೆರೆದು ಒಬ್ಬ ಮುದುಕಿ ಹಿಟ್ಟಿನ ಪರಾತ ಹಿಡಿದು ಹೊರಬಂದಳು. ನಾದಿದ ಹಿಟ್ಟಿನ ತುಂಬ ಮಾಳಿಗೆಯ ಮಣ್ಣು. ಅವಳು ತಲೆಯೆತ್ತಿ ಮೇಲೆ ನೋಡಿದಳು. ರಘು ಆ ಮುಖದ್ದೂ ಫೋಟೋ ತೆಗೆದ.

ಸಿಟ್ಟು ಬಂದಷ್ಟೂ ಆಂಟಿಯ ದನಿ ತಗ್ಗುತ್ತಿತ್ತು. ಇಳಿದು ತಪ್ಪಾಯಿತೆನ್ನು ಎಂದರು. ಭಾಷೆ ಬರಲ್ಲವಲ್ಲ ಎಂದ ಅವನು.

“ಕೈ ಮುಗಿಯಾಕ ಯಾವ ಭಾಷಾ ಬೇಕೋ?”

ಬಸ್ಸಿಗೆ ಹೊತ್ತಾಯಿತೆಂದು ಅವನು ಇಳಿದು ನಡೆದುಬಿಟ್ಟ. ಆಂಟಿ ಆ ಹೊಸ್ತಿಲಲ್ಲಿ ಕೂತು, ಮುದುಕಿಯ ಜೊತೆ ಹೊಸ ಹಿಟ್ಟು ನಾದಿಯೇ ಎದ್ದರು. ತಡವಾಯಿತೆಂದು ಬಸ್ಸಿನಲ್ಲಿದ್ದ ಗುಂಪಿನವರೆಲ್ಲ ಗೊಣಗಿದ್ದು ಆಂಟಿಯ ಮೇಲೆ. ರಘುವಿಗೆ ಒಬ್ಬರೂ ಒಂದು ಮಾತೂ ಅನ್ನಲಿಲ್ಲ. ಇಂಥ ಮಂದಿಯ ಜೊತೆ ಲೋಕ ಸುತ್ತಲು ಹೊರಟಿದ್ದೆನಲ್ಲ ಎಂದು ಹಲ್ಲು ಕಚ್ಚಿಕೊಂಡು ಕೂತೆ.

ಯುಗಾದಿಗೆ ರಘು ತನ್ನ ಮನೆಗೆ ಎಲ್ಲರನ್ನೂ ಕರೆದ. ಹಾಲ್‌ನ ಗೋಡೆಯ ಮೇಲೆ, ಕಟ್ಟು ಹಾಕಿಸಿದ ಆ ಮುದುಕಿಯ ಮುಖ. ಬಂದವರೆಲ್ಲ ಏನು ಭಾವ, ಏನು ಬೆಳಕು ಎನ್ನುತ್ತಿದ್ದರು. ಆಂಟಿ ಅವನ ಹತ್ತಿರ ಹೋಗಿ, “ಇಕೀನ್ನ ಕೇಳಿ ಹಾಕಿದ್ಯೇನು?” ಎಂದರು. ಹಬ್ಬದ ದಿನ ಬೇಡ ಬಿಡಿ ಆಂಟಿ ಎಂದ. ಆಂಟಿ ಫೋಟೋವನ್ನು ಗೋಡೆಯಿಂದ ಇಳಿಸಿ, ಸೆರಗಿನಲ್ಲಿ ಸುತ್ತಿ, ಊಟಕ್ಕೆ ನಿಲ್ಲದೆ ಹೊರಟುಹೋದರು.

ಅದೇ ವಾರ ರಘು ಅವರನ್ನು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದ. ಏಕೆಂದು ನನ್ನ ಹೊರತು ಯಾರೂ ಕೇಳಲಿಲ್ಲ. ಕೇಳಿ, ಜಗಳವಾಡಿ, ನಾನೂ ಹೊರಬಂದೆ.

ತಿಂಗಳಾದ ಮೇಲೆ ಆನ್ ಆರ್ಬರ್‌ಗೆ ಫೋನ್ ಮಾಡಿದರೆ ಆಂಟಿಯ ಮಗಳು ಎತ್ತಿದಳು. ಅಮ್ಮ ಮೊರಾಕ್ಕೊದ ಆ ಹಳ್ಳಿಗೆ ಹೋಗಿದ್ದಾರೆ, ಫೋಟೋ ಕೊಟ್ಟು ಬರಲು, ಎಂದಳು.