ಹುಲ್ಲಿನ ಮೇಲಿಟ್ಟ ಕುರ್ಚಿ

ಕಳೆದ ಶನಿವಾರ ನನ್ನ ಕುರ್ಚಿ ಹೋಯಿತು. ಅಪಾರ್ಥ ಬೇಡ, ನಾನು ಯಾವ ಸಂಘದ ಅಧ್ಯಕ್ಷನೂ ಅಲ್ಲ. ಹೋದದ್ದು ಕೂರುವ ಕುರ್ಚಿಯೇ.

ನಾವಿರುವುದು ಪರದೇಶದ ಎಪ್ಪಿಂಗ್‌ನಲ್ಲಿ, ಮಗಳ ಮನೆಯಲ್ಲಿ. ಆಗಾಗ ಕೌನ್ಸಿಲ್‌ನವರು ಹಳೇ ಸಾಮಾನು ಒಯ್ಯಲು ಲಾರಿ ಕಳಿಸುತ್ತಾರೆ. ಅದಕ್ಕೆ ಮೊದಲು ಎಲ್ಲರೂ ಬೇಡದ್ದನ್ನು ಮನೆ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ. ಬೇಕಾದವರು ಎತ್ತಿಕೊಂಡು ಹೋಗಬಹುದು. ಕೇಳಬೇಕಿಲ್ಲ, ನಾಚಬೇಕಿಲ್ಲ. ಮೆಲ್ಬರ್ನಿನಲ್ಲಿರುವ ನನ್ನ ತಮ್ಮನ ಸೋಫಾ ಸೆಟ್ಟೇ ಹೀಗೆ ಬಂದದ್ದು. (ಯಾರಿಗೂ ಹೇಳಬೇಡ ಎಂದಿದ್ದಾನೆ.)

ಅಳಿಯ ಸಾಮಾನನ್ನೆಲ್ಲ ರಾಶಿ ಸುರಿದಿದ್ದ. ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಯೇ ರಿಟೈರಾದ ಡ್ರಿಲ್ ಮೇಷ್ಟ್ರು ನಾನು. ಸುಮ್ಮನಿರಲು ಆಗುತ್ತದೆಯೇ? ಕೆಟ್ಟ ವಿಸಿಆರ್, ಮುರಿದ ಸ್ಟ್ಯಾಂಡು, ಹಾಸಿಗೆ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿದೆ. ಬೆನ್ನು ಹಿಡಿದುಕೊಂಡಿತು. ಒಳಗಿನಿಂದ ನನ್ನ ಕುರ್ಚಿ ತಂದು ಸಾಲಿನ ಕೊನೆಗೆ ಹಾಕಿಕೊಂಡು ಕೂತೆ. ನಾನೇ ಕೈಯಾರೆ ಹಸಿರು ನೈಲಾನ್ ಪಟ್ಟಿ ಹೆಣೆದ ಕುರ್ಚಿ. ಬೇರೆ ಎಲ್ಲಿ ಕೂತರೂ ನನಗೆ ಪೇಪರ್ ಓದಿದಂತಾಗುವುದಿಲ್ಲ.

ಹತ್ತು ಗಂಟೆಯಾಯಿತು. ಹತ್ತಕ್ಕೆ ನನಗೆ ಕಾಫಿ. (ಭೂಕಂಪವಾದರೂ.) ಎದ್ದು ಒಳಗೆ ಹೋದೆ. ಬಂದು ನೋಡಿದರೆ ವಿಸಿಆರ್ ಇದೆ, ಕುರ್ಚಿ ಇಲ್ಲ!

"ರೀ, ಅಷ್ಟು ಅಚ್ಚುಕಟ್ಟಾಗಿ ಅಂಗಡಿ ಹಾಕಿದ್ರಲ್ಲ, ವ್ಯಾಪಾರ ಆಗಿದೆ," ಎಂದಳು ನನ್ನಾಕೆ ಸರೋಜ. "ಕಾಫಿ ಬಿಸಿ ಇತ್ತು ತಾನೆ?"

ಮರುದಿನ ವಾಕಿಂಗ್ ಹೊರಟಾಗ ಕುರ್ಚಿ ಕಂಡಿತು. ಪಕ್ಕದ ಮನೆಯ ವರಾಂಡದಲ್ಲಿ. ಅದರ ಮೇಲೆ ಗ್ರಹಾಂ. ಒಬ್ಬನೇ ಇರುವ, ನನ್ನ ವಯಸ್ಸಿನ ಮನುಷ್ಯ. ನಾವು ಬಂದಾಗಿನಿಂದ ನನ್ನ ಜೊತೆ ಅವನು ಆಡಿದ್ದು ಒಂದೇ ಮಾತು, "ಲವ್ಲಿ ಡೇ." ಮಳೆ ಬಂದ ದಿನ ಅದೂ ಇಲ್ಲ. ಇಲ್ಲಿಯವರು ನಗುತ್ತಾರೆ, ಕೈ ಬೀಸುತ್ತಾರೆ. ಒಳಗೆ ಬನ್ನಿ ಎನ್ನುವುದು ಮಾತ್ರ ಕಷ್ಟ.

ನೇರವಾಗಿ ಕೇಳಿಯೇಬಿಡುವುದೆಂದು ಎದೆ ಸೆಟೆಸಿ ಗೇಟಿನ ಹತ್ತಿರ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವನು ಕೂಗಿದ.

"ಬಾ ಮೇಟ್, ಇದನ್ನ ನೋಡು! ನಿಮ್ಮ ಮನೆ ಮುಂದೇ ಸಿಕ್ತು. ಎಂಥ ಹೆಣಿಗೆ! ಒಂದು ಗಂಟಾದರೂ ಮೇಲೆ ಕಾಣುತ್ತಾ? ಇದನ್ನ ಎಸೆದಿದಾನಲ್ಲ, ನಿನ್ನ ಅಳಿಯನಿಗೆ ತಲೆ ಇದೆಯಾ?"

ನನ್ನ ಹೆಣಿಗೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಹೊಗಳಿರಲಿಲ್ಲ. ಏನು ಹೇಳಲಿ?

"ಇಲ್ಲ," ಎಂದೆ. (ಅಳಿಯ ಕನ್ನಡ ಅಂಕಣ ಓದುವುದಿಲ್ಲ, ಪುಣ್ಯ.)

"ಕೂತ್ಕೋ, ನೀನೇ ಕೂತು ನೋಡು," ಎಂದು ನನ್ನನ್ನು ನನ್ನದೇ ಕುರ್ಚಿಯಲ್ಲಿ ಕೂರಿಸಿ ಅವನು ಟೀ ತರಲು ಒಳಗೆ ಹೋದ.

ಅಂದಿನಿಂದ ದಿನಾ ನಾಲ್ಕಕ್ಕೆ ನಾನು ಅಲ್ಲಿ ಹಾಜರು. ಅತಿಥಿಯೆಂದು ಕುರ್ಚಿ ನನಗೆ, ಸ್ಟೂಲು ಅವನಿಗೆ. ಬೆಳಿಗ್ಗೆ ಮಾತ್ರ ಸೋಫಾದಲ್ಲಿ ಒದ್ದಾಡುತ್ತಾ ಪೇಪರ್ ಓದುತ್ತೇನೆ.

"ಇವತ್ತಾದ್ರೂ ಕೇಳಿದ್ರಾ?" ಎನ್ನುತ್ತಾಳೆ ಸರೋಜ.

ಕೇಳಬಹುದು. ಕೊಟ್ಟೂಬಿಡುತ್ತಾನೆ. ಆಮೇಲೆ ನಾಲ್ಕು ಗಂಟೆಗೆ ನಾನು ಎಲ್ಲಿ ಕೂರಲಿ?