ಶನಿ ನೋಡಕ್ಕೂ ಹದ ಬರ್ಬೇಕು

ತಡೀರಿ, ಎಲ್ಲೂ ಹೋಗ್ಬ್ಯಾಡಿ. ಇದೊಂದನ್ನ ಕೇಳಿಸ್ಕಂಡು ಆಮೇಲೆ ನಿಮ್ಮ ಕೆಲಸ ನೋಡ್ಕಳಿ. ಇವತ್ತು ಸಾಯಂಕಾಲ ಪಿರಿಯಾಪಟ್ಟಣದಿಂದ ಬಸ್ಸಲ್ಲಿ ಬರ್ತಿದ್ದೆ. ಕಂಪಲಾಪುರ ದಾಟ್ತಿದ್ದಂಗೆ ಕಿಟಕಿಯಿಂದ ಆ ವಾಸನೆ ಒಳಕ್ಕೆ ಬಂತು, ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯೋ ವಾಸನೆ. ನಮ್ಮ ಕಡೆಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಬೇರೆ ಕಡೆಯವ್ರಿಗೆ ಹೇಳ್ಬೇಕಂದ್ರೆ, ಅರ್ಧ ಬೆಲ್ಲ ಕಾಯಿಸ್ದಂಗೆ, ಅರ್ಧ ಒಣಹುಲ್ಲು ಬಿಸ್ಲಲ್ಲಿ ಬಿದ್ದಂಗೆ ಇರ್ತದೆ. ಪಕ್ಕದ ಸೀಟಿನವ್ರು ಮೂಗಿಗೆ ಕರ್ಚೀಫ್ ಇಟ್ಕಂಡ್ರು. ನಾನು ಕಿಟಕಿನ ಇನ್ನೊಂಚೂರು ಸರಿಸ್ದೆ. ಅವ್ರಿಗೆ ಅದು ಹೊಗೆಸೊಪ್ಪು, ನನಗೆ ಅದು ಶನಿಗ್ರಹ.

ನಗ್ಬ್ಯಾಡಿ, ಹೇಳ್ತೀನಿ.

ನಮ್ದು ಹನಗೋಡು ಹತ್ರ ಊರು. ಮನೆ ಪಕ್ಕದಲ್ಲೇ ಬ್ಯಾರನ್ನು. ಗೊತ್ತಿಲ್ದವ್ರಿಗೆ ಅದು ಕಿಟಕಿ ಇಲ್ಲದ ಎತ್ತರದ ಮನೆ ಥರ ಕಾಣ್ತದೆ. ಒಳಗೆ ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನ ಸಾಲಾಗಿ ನೇತಾಕಿ, ಕೆಳಗಡೆ ಒಲೆ ಉರಿಸಿ ಬೇಯಿಸ್ತೀವಿ. ನನಗೆ ಇನ್ನೊಂದು ಹುಚ್ಚು, ಆಕಾಶ. ಯಾರೂ ಕಲಿಸ್ಲಿಲ್ಲ. ಫೋನಲ್ಲಿ ನೋಡ್ಕಂಡು, ತಪ್ಪು ಮಾಡ್ಕಂಡು, ತಾರಸಿ ಮೇಲೆ ಚಾಪೆ ಹಾಸ್ಕಂಡು ಕಲ್ತಿದ್ದು. ಮೊದ್ಲು ಒಂದು ಬೈನಾಕ್ಯುಲರ್ ಇತ್ತು, ಮಳೆಗಾಲದಲ್ಲಿ ಅದರ ಗಾಜಿಗೆ ಬೂಷ್ಟು ಹಿಡ್ದು ಹಾಳಾಗೋಯ್ತು. ಆಮೇಲೆ ಟೆಲಿಸ್ಕೋಪ್ ತಗೋತೀನಿ ಅಂತ ಹಟ ಹಿಡ್ದೆ. ಅಪ್ಪ ಬಿಲ್‌ಕುಲ್ ಬ್ಯಾಡ ಅಂದ್ರು.

ಅವಾಗ ನನ್ನ ಕಡೆ ನಿಂತಿದ್ದು ಒಬ್ರೇ, ಅಪ್ಪನ ಅಕ್ಕ ಪುಟ್ಟಮ್ಮತ್ತೆ. ಕೆ.ಆರ್. ನಗರಕ್ಕೆ ಕೊಟ್ಟಿರೋದು ಅವ್ರನ್ನ. ಅಪ್ಪ ಊರಲ್ಲಿ ಯಾರ ಮಾತೂ ಕೇಳಲ್ಲ, ಅಕ್ಕ ಫೋನ್ ಮಾಡಿದ್ರೆ ಮಾತ್ರ ಎದ್ದು ನಿಂತ್ಕಂಡು ಮಾತಾಡ್ತಾರೆ. ಅತ್ತೆ ಕೇಳಿದ್ದು ಇಷ್ಟೇ: “ಹೈದ ಕುಡೀತಾನೇನೋ? ಇಸ್ಪೀಟ್ ಆಡ್ತಾನೇನೋ? ಆಕಾಶ ನೋಡ್ತೀನಿ ಅಂತಾನೆ, ನೋಡ್ಲಿ ಬುಡು. ನಾನಿವ್ನಿ ಅದಕ್ಕೆ.” ಅಪ್ಪ ಒಪ್ಕಂಡ್ರು. ಟೆಲಿಸ್ಕೋಪ್ ಬಂತು. ಊರೋರ ಬಾಯಲ್ಲಿ ಅದು ದುರ್ಬೀನು.

ಗೌರಿ ಹಬ್ಬಕ್ಕೆ ಅತ್ತೆ ತವರಿಗೆ ಬಂದ್ರು. ಬಾಗಿನ ತಗೊಂಡು ಒಂದಿಷ್ಟು ದಿವಸ ಇದ್ದೋಗೋದು ವಾಡಿಕೆ. ಬಂದವ್ರೇ ಮೊದ್ಲು ಕೇಳಿದ್ದು ಶನಿನ ಯಾವಾಗ ತೋರಿಸ್ತೀಯ ಅಂತ. ಅಮ್ಮಂಗೆ ಭಯ. ನಾವು ಶನಿಮಾತ್ಮನ ನೋಡಿದ್ರೆ ಅವನು ತಿರುಗಿ ನಮ್ಮನ್ನ ನೋಡ್ತಾನಂತೆ. ಅತ್ತೆ ಅಂದ್ರು, ಏಳೂವರೆ ವರ್ಷ ಬೆನ್ನಿಂದೆ ಬಂದಿದ್ದಾನೆ, ಒಂದ್ಸಲ ಮುಖಾಮುಖಿ ಆಗೋಗ್ಲಿ.

ಆಗ ಮಳೆಗಾಲದ ಕೊನೆ. ನಮ್ಮ ಹವ್ಯಾಸದವ್ರಿಗೆ ಆ ಕಾಲ ಅಂದ್ರೆ ಸರ್ಕಾರಿ ಆಫೀಸಿಗೆ ಅಲೆದಂಗೆ. ಬೆಳಗೆಲ್ಲ ಬಿಸ್ಲು ಇರ್ತದೆ, ಸಂಜೆ ದುರ್ಬೀನು ತಂದು ಇಡೋದೇ ತಡ, ನಾಗರಹೊಳೆ ಕಡೆಯಿಂದ ಮೋಡ ಬಂದು ಅಡ್ಡ ನಿಂತ್ಕತದೆ. ಹೊಸ ಟೆಲಿಸ್ಕೋಪ್ ತಂದ್ರೆ ಮಳೆ ಬರ್ತದೆ ಅಂತ ನಮ್ಮಲ್ಲಿ ಒಂದು ಮಾತೇ ಐತೆ. ಗೆಳೆಯ ಚಂದ್ರು ಅಂತೂ, ಬರಗಾಲ ಬಂದ್ರೆ ಕಪ್ಪೆ ಮದುವೆ ಬ್ಯಾಡ ಕಣ್ಲಾ, ನಿನ್ನ ದುರ್ಬೀನು ಆಚೆ ಇಕ್ಕಿದ್ರೆ ಸಾಕು ಅಂತಿದ್ದ.

ಒಂದು ಸಂಜೆ ಮೋಡ ಹರೀತು. ಮಳೆ ತೊಳ್ದ ಆಕಾಶ, ತಣ್ಣನೆ ಗಾಳಿ, ಚುಕ್ಕಿಗಳು ಪಳಪಳ ಪಳಪಳ ಮಿನುಗ್ತಿವೆ. ಇದಕ್ಕಿಂತ ಒಳ್ಳೆ ದಿನ ಸಿಗಲ್ಲ ಅಂತ ಬೀದಿಗೆಲ್ಲ ಹೇಳ್ಬುಟ್ಟೆ. ದುರ್ಬೀನನ್ನ ರೂಮಿಂದ ತಂದೆ, ಬ್ಯಾರನ್ ಮುಂದಿನ ಸಿಮೆಂಟ್ ಕಣದಲ್ಲಿ ನಿಲ್ಸಿದೆ, ಬ್ಯಾರನ್ ಸೂರಿನ ಮೇಲಿದ್ದ ಶನಿಗೆ ಗುರಿ ಇಟ್ಟೆ. ಮೊದ್ಲು ಅತ್ತೆನೇ ನೋಡ್ಲಿ ಅಂತ ಕರೆದೆ. ಅತ್ತೆ ಕಣ್ಣಿಟ್ರು. ಇನ್ನೊಂದು ಕಣ್ಣಿಟ್ಟೂ ನೋಡಿದ್ರು. ಆಮೇಲೆ ಮೆಲ್ಲಗೆ, “ಇದೇನ್ಲಾ ಮಗ, ಕಾದ ಎಣ್ಣೇಲಿ ಬೋಂಡ ಬುಟ್ಟಂಗೈತೆ,” ಅಂದ್ರು.

ನಾನು ನೋಡಿದ್ರೆ ನಿಜ. ಹಳದಿ ಉಂಡೆ ಒಂದು ಕೊತಕೊತ ಅಂತೈತೆ. ಶನಿ ಸುತ್ತ ಇರ್ಬೇಕಾದ ಬಳೆನೂ ಇಲ್ಲ, ಗೆರೆನೂ ಇಲ್ಲ. ಕಣ್ಣಿಡೋ ಗಾಜು, ಐಪೀಸ್, ಬದಲಾಯಿಸ್ದೆ, ತಿರುಗಿಸ್ದೆ, ಬೋಂಡ ಇನ್ನೊಂಚೂರು ದಪ್ಪ ಆಯ್ತು ಅಷ್ಟೇ. ಅಪ್ಪ ಹಿಂದಿನಿಂದ, “ಅಕ್ಕ, ನಿನ್ನ ಅಳಿಮಯ್ಯ ಶನಿ ಕರೀತಾವ್ನೆ, ಚಟ್ನಿ ಅರೆಯಕ್ಕೆ ಏಳು,” ಅಂದ್ರು. ಬೀದಿಯೋರೆಲ್ಲ ನಕ್ರು. ಅತ್ತೆನೂ ನಕ್ರು, ಆದ್ರೆ ನನ್ನ ಮುಖ ನೋಡ್ಲಿಲ್ಲ. ಬೆಳಗಾಗೋದ್ರೊಳಗೆ ಚಂದ್ರು ದಯದಿಂದ ನನ್ನ ಹೆಸ್ರು ಬೋಂಡ ಸ್ವಾಮಿ ಅಂತ ಆಗೋಗಿತ್ತು.

ನನ್ನ ಹೆಸ್ರು ಏನಾರ ಆಗ್ಲಿ. ಸಂಕಟ ಆಗಿದ್ದು ಅತ್ತೆ ವಿಷ್ಯಕ್ಕೆ. ನಾನಿವ್ನಿ ಅಂದವ್ರು ಅವ್ರು. ಅಪ್ಪ ಊಟಕ್ಕೆ ಕೂತಾಗೆಲ್ಲ ಬೋಂಡ ಬೋಂಡ ಅಂತ ಕೆಣಕೋರು, ಅತ್ತೆ ತಟ್ಟೆ ನೋಡ್ಕಂಡು ಉಣ್ಣೋರು. ಭಾನುವಾರ ಅತ್ತೆ ವಾಪಸ್ ಹೊರಡೋದು. ಅಷ್ಟರೊಳಗೆ ಶನಿ ತೋರಿಸ್ಲಿಲ್ಲ ಅಂದ್ರೆ, ಆ ಮನೇಲಿ ಅವ್ರ ಮಾತು ಸುಳ್ಳಾಯ್ತು ಅಂತ್ಲೇ ಉಳಿಯೋದು.

ಉತ್ರ ಸಿಕ್ಕಿದ್ದು ಎಲ್ಲಿ ಗೊತ್ತಾ? ಬ್ಯಾರನ್ ಬಾಗಿಲಲ್ಲಿ. ಸೊಪ್ಪು ಬೆಂದ ಮೇಲೆ ತಕ್ಷಣ ಇಳ್ಸಂಗಿಲ್ಲ. ಆಗ ಅದು ಹಪ್ಪಳದಂಗೆ ಗರಿಗರಿ, ಮುಟ್ಟಿದ್ರೆ ಪುಡಿ. ಒಲೆ ಆರಿಸಿ, ಬಾಗಿಲು ತೆಗ್ದು ಬಿಡ್ಬೇಕು. ಆಚೆ ತಣ್ಣನೆ ಗಾಳಿ ಒಳಗೋಗಿ, ಸೊಪ್ಪು ತಂಪು ಕುಡ್ದು ಮೆತ್ತಗಾಗ್ಬೇಕು. ಅದಕ್ಕೆ ಹದ ಬರೋದು ಅಂತೀವಿ. ಅವತ್ತು ಬೆಳಗ್ಗೆ ನಾನು ಬೋಂಡದ ಯೋಚ್ನೇಲೇ ಕಡ್ಡಿಗೆ ಕೈ ಹಾಕ್ದೆ. ಅಪ್ಪ ದಿನಾ ಬೈಯೋ ಬೈಗುಳನೇ ಬೈದ್ರು: “ಮುಟ್ಬ್ಯಾಡ ಕಣ್ಲಾ, ಇನ್ನೂ ಹದ ಬಂದಿಲ್ಲ.”

ಕೈ ಹಂಗೇ ನಿಂತೋಯ್ತು. ಬೂಷ್ಟು ಹಿಡಿಯುತ್ತೆ ಅಂತ ನಾನು ದುರ್ಬೀನು ಇಟ್ಟಿದ್ದೆಲ್ಲಿ? ಬ್ಯಾರನ್‌ಗೆ ಅಂಟ್ಕಂಡಿರೋ ಸಣ್ಣ ರೂಮಲ್ಲಿ! ಆ ಗೋಡೆ ಇಡೀ ಸೀಸನ್ನು ಬಾಣಂತಿ ಕೋಣೆ ಥರ ಬೆಚ್ಚಗಿರ್ತದೆ. ಅಲ್ಲಿಂದ ಎತ್ಕಂಡು ಬಂದು ನೇರ ತಣ್ಣನೆ ಗಾಳಿಗೆ ಇಟ್ಟಿದ್ದೆ. ದುರ್ಬೀನಿನೊಳಗೆ ಬೆಳಕು ಹಿಡಿಯೋ ಕನ್ನಡಿ ಇನ್ನೂ ಬಿಸಿ, ಆಚೆ ಗಾಳಿ ತಂಪು. ಕೊಳವೆ ಒಳಗೇ ಬಿಸಿ ಗಾಳಿ ಏಳ್ತಾ ಇದ್ರೆ ಚಿತ್ರ ನಿಲ್ಲೋದೆಲ್ಲಿ? ಸಾಲದ್ದಕ್ಕೆ ಕೆಳಗೆ ಮಧ್ಯಾಹ್ನದ ಕಾವು ಉಗುಳೋ ಸಿಮೆಂಟು, ಎದುರಿಗೆ ಒಲೆ ಉರೀತಿರೋ ಬ್ಯಾರನ್ ಸೂರು. ಬೇಸಿಗೇಲಿ ಹುಣಸೂರು ರೋಡಲ್ಲಿ ಡಾಂಬರು ಕಾದು ಮುಂದಿನ ಬಸ್ಸು ನೀರಲ್ಲಿ ನಿಂತಂಗೆ ಅಲ್ಲಾಡ್ತದಲ್ಲ, ಅಂಥ ಗಾಳಿ ಒಳಗಿಂದ ನಾನು ಶನಿ ತೋರಿಸಕ್ಕೆ ಹೋಗಿದ್ದೆ. ಪ್ರಪಂಚದಲ್ಲಿ ಎಷ್ಟೋ ಜನ ಟೆಲಿಸ್ಕೋಪ್ ತಗೊಂಡಿರ್ಬೋದು. ಬ್ಯಾರನ್‌ಗೆ ಒರಗಿಸಿ ಬೇಯಿಸಿದವನು ನಾನೊಬ್ನೇ ಇರ್ಬೇಕು.

ಇನ್ನೊಂದು ವಿಷ್ಯನೂ ಅವಾಗ್ಲೇ ಹೊಳೀತು. ಚುಕ್ಕಿ ಪಳಪಳ ಅಂದ್ರೆ ನಮಗೆ ಚೆಂದ, ಆದ್ರೆ ಆ ಮಿನುಗು ಮೇಲಿನ ಗಾಳಿ ಕದಡಿರೋದ್ರ ಗುರುತು. ಗ್ರಹ ನೋಡಕ್ಕೆ ಗಾಳಿ ನಿಂತಿರ್ಬೇಕು, ಚುಕ್ಕಿ ಮಂಕಾದ್ರೂ ಪರ್ವಾಗಿಲ್ಲ. ತೆಳ್ಳಗೆ ಮುಸುಕು ಹಾಕ್ಕಂಡು ಅಲ್ಲಾಡ್ದೆ ನಿಂತಿರೋ ಆಕಾಶನೇ ಎಷ್ಟೋ ಸಲ ಅದಕ್ಕೆ ಒಳ್ಳೇದು. ಮಸುಕು ಮಸುಕಾದ ನೆಬ್ಯುಲಾ, ಅಂದ್ರೆ ಚುಕ್ಕಿಗಳ ಮಧ್ಯದ ಧೂಳುಮೋಡ, ನೋಡ್ಬೇಕಂದ್ರೆ ಅದು ಬೇರೆ ಲೆಕ್ಕ, ಅದಕ್ಕೆ ತೊಳ್ದಂಥ ಆಕಾಶನೇ ಬೇಕು. ಅದಕ್ಕೇಂತ ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿಗೆ ಹೋಗಿ, ಇಬ್ಬನಿ ಕೂತು ಗಾಜು ಬೆಳ್ಳಗಾಗಿ, ಅದನ್ನ ಕಾಯಕ್ಕೆ ಟವಲ್ ಸುತ್ತಿ ಮಗು ಥರ ತೊಡೆ ಮೇಲೆ ಕೂರಿಸ್ಕಂಡ ಕಥೆ ಬೇರೆ ಐತೆ. ಈಗ ಬ್ಯಾಡ, ಅತ್ತೆ ಕಾಯ್ತಾವ್ರೆ.

ಶನಿವಾರ ಮಧ್ಯಾಹ್ನ ಒಂದು ಹದ ಮಳೆ ಬಂದು ನಿಂತೋಯ್ತು. ಸಂಜೆಗೆ ಲಕ್ಷ್ಮಣತೀರ್ಥದ ಕಡೆಯಿಂದ ತೆಳ್ಳನೆ ಮುಸುಕು. ಒಂದೆಲೆ ಅಲ್ಲಾಡ್ತಿಲ್ಲ. ನಾನು ಬೆಳಕಿರೋವಾಗ್ಲೇ ದುರ್ಬೀನನ್ನ ಮನೆ ಹಿಂದಿನ ಮೇವಿನ ಹುಲ್ಲಿನ ಹೊಲದ ಅಂಚಿಗೆ ತಗೊಂಡೋಗಿ, ಅದರ ಬಾಯಿಗೆ ಬಟ್ಟೆ ಮುಚ್ಚಿ, ಸುಮ್ನೆ ಬಿಟ್ಟೆ. ಅಪ್ಪ ಆಕಾಶ ನೋಡಿ, ಈ ಮಂಕಿನಲ್ಲಿ ಏನು ಕಾಣ್ತದೆ, ಇವತ್ತು ಬೋಂಡನೂ ಇಲ್ಲ ಅಂದ್ರು. ಇನ್ನೂ ತೋರಿಸಲ್ವೇನೋ ಅಂತ ಅತ್ತೆ ಕೇಳಿದ್ರೆ, ಹದ ಬರ್ಲಿ ಇರಿ ಅಂದೆ. ಅಪ್ಪ ತಿರುಗಿ ನೋಡಿದ್ರು, ಆ ಮಾತು ಅವ್ರದ್ದಲ್ವಾ.

ಕತ್ತಲಾಯ್ತು. ಬಟ್ಟೆ ತೆಗ್ದೆ. ಮೊದ್ಲು ನಾನೇ ಕಣ್ಣಿಟ್ಟೆ, ಇನ್ನೊಂದ್ಸಲ ಅತ್ತೆ ಮರ್ಯಾದೆ ಪಣಕ್ಕಿಡೋ ಧೈರ್ಯ ಇರ್ಲಿಲ್ಲ. ಪಕ್ಕಕ್ಕೆ ಸರ್ದು ಅತ್ತೆಗೆ ಜಾಗ ಬಿಟ್ಟೆ. ಅತ್ತೆ ಸೆರಗು ಸೊಂಟಕ್ಕೆ ಸಿಗಿಸ್ಕಂಡು ಬಗ್ಗಿದ್ರು.

“ಬಳೆ ತೊಟ್ಟವ್ನೆ ಕಣ್ಲಾ.”

ಅಷ್ಟೇ. ಕಣ್ಣು ತೆಗೀದೇನೆ, ಕೈ ಮಾತ್ರ ಹಿಂದಕ್ಕೆ ಚಾಚಿ ಅಪ್ಪನ್ನ ಕರೆದ್ರು. “ಬಾ ತಮ್ಮ. ನಿನ್ನ ಬೋಂಡ ನೋಡ್ಬಾ.”

ಅಪ್ಪ ಬಂದ್ರು. ನೋಡಿದ್ರು. ನೆಟ್ಟಗೆ ನಿಂತು ಮೇಲೆ ಬರಿಗಣ್ಣಲ್ಲಿ ನೋಡಿದ್ರು, ಮತ್ತೆ ಬಗ್ಗಿದ್ರು. ಶಭಾಶ್ ಅನ್ನೋ ಜನ ಅಲ್ಲ ಅವ್ರು. ಪಕ್ಕದಲ್ಲೊಂದು ಸಣ್ಣ ಚುಕ್ಕಿ ಐತಲ್ಲ, ಅದೇನು ಅಂತ ಕೇಳಿದ್ರು. ಅದು ಶನಿಯ ಚಂದ್ರ, ಟೈಟನ್ನು. ನಾನು ಹೇಳ್ಕೊಡ್ದೇನೇ ನಮ್ಮಪ್ಪ ಅದನ್ನ ಕಂಡಿಡಿದಿದ್ರು ಕಣ್ರೀ. ಮಾರನೆ ದಿನ ಅತ್ತೆನ ಬಸ್ ಹತ್ತಿಸಕ್ಕೆ ಹೋದಾಗ, ನಾವು ಶನಿ ನೋಡಿದ್ವಿ, ಜೊತೆಗೆ ಅವನ ಮರಿನೂ ನೋಡಿದ್ವಿ ಅಂತ ಅಪ್ಪ ಕಂಡಕ್ಟರ್‌ಗೂ ಹೇಳ್ತಿದ್ರು. ಅತ್ತೆ ಕಿಟಕಿ ಸೀಟಲ್ಲಿ ಕೂತು ಅಪ್ಪನ್ನೇ ನೋಡ್ತಿದ್ರು, ಯಾವ ಬಾಗಿನ ತಗೊಂಡಾಗ್ಲೂ ಆ ಮುಖ ನಾನು ನೋಡಿರ್ಲಿಲ್ಲ.

ಈಗ ನಾನು ಮಿನುಗೋ ಆಕಾಶಕ್ಕೆ ಮರುಳಾಗಲ್ಲ. ಅಂಗಳಕ್ಕೆ ಬಂದು ಮೊದ್ಲು ಗಾಳಿ ಮುಟ್ಟಿ ನೋಡ್ತೀನಿ. ನನಗಿಂತ ಮುಂದೆ ಹೋಗಿರೋರು ಅತ್ತೆ. ಕೆ.ಆರ್. ನಗರದ ಭತ್ತದ ಗದ್ದೆ ಬದಿಯಿಂದ ಇವತ್ತೂ ಫೋನ್ ಮಾಡಿದ್ರು, ನಾನಿನ್ನೂ ಬಸ್ಸಿಂದ ಇಳಿದಿರ್ಲಿಲ್ಲ: “ಚುಕ್ಕಿ ಕಣ್ಣು ಮಿಟುಕಿಸ್ತಿಲ್ಲ ಕಣ್ಲಾ ಇಲ್ಲಿ. ನಿಮ್ಕಡೆ ಎಂಗೈತೆ?”

ಅದನ್ನೇ ನಾನು ನಿಮ್ಮನ್ನ ಕೇಳ್ತೀನಿ. ನಿಮ್ಕಡೆ ಎಂಗೈತೆ? ಸಮುದ್ರದ ಗಾಳಿನಾ, ಕಾರ್ಖಾನೆ ಹೊಗೆನಾ, ಕೆರೆ ಮಂಜಾ? ಮೊದಲ ಸಲ ಕಣ್ಣಿಟ್ಟಾಗ ನಿಮಗೆ ಶನಿ ಕಂಡ್ನಾ, ಬೋಂಡ ಕಂಡ್ತಾ? ಪಕ್ಕದಲ್ಲಿ ಯಾರು ನಿಂತಿದ್ರು, ಏನಂದ್ರು? ನಾಚ್ಕೋಬ್ಯಾಡಿ, ಕೆಳಗೆ ಬರೀರಿ. ನಾನು ಓದ್ತೀನಿ, ಆಮೇಲೆ ಫೋನಲ್ಲಿ ಅತ್ತೆಗೂ ಓದಿ ಹೇಳ್ತೀನಿ.