ಬಳಸಿ ನಡೆದ ನೀಲಿ ಗೆರೆ

ನಕಾಶೆಗೂ ನನಗೂ ಮೊದಲಿನಿಂದ ಆಗಿಬಂದಿಲ್ಲ. ಶಾಲೆಯಲ್ಲಿ ಮಲಪ್ರಭೆಯನ್ನು ಹುಬ್ಬಳ್ಳಿಯ ಮೇಲೆ ಹರಿಸಿ ಪೆಟ್ಟು ತಿಂದವಳು ನಾನು. ಈಗ ನೋಡಿದರೆ ನಾನೇ ನಕಾಶೆಯಾಗಿದ್ದೇನೆ.

ಸಿರಸಂಗಿ ಸುತ್ತಿನ ಹಳ್ಳಿಗಳಲ್ಲಿ ಬಸುರಿ, ಬಾಣಂತಿಯರನ್ನು ನೋಡಿಬರುವುದು ನನ್ನ ನೌಕರಿ. ಕಚೇರಿಯವರು ಕೊಟ್ಟ ಟ್ಯಾಬ್ ನಾನು ನಡೆದದ್ದನ್ನೆಲ್ಲ ಬರೆದಿಡುತ್ತದೆ. ಸವದತ್ತಿಯ ಸಭೆಯಲ್ಲಿ ಹೊಸ ಸಾಹೇಬರು ಅದನ್ನು ಗೋಡೆಯ ಮೇಲೆ ತೋರಿಸಿದರು. ಹೋದ ತಿಂಗಳು ಊರಾಚೆಯ ಕೇರಿಗೆ ನಾನು ನಡೆದ ದಾರಿ ಹಸಿರು, ನೆಟ್ಟಗೆ. ಈ ತಿಂಗಳದ್ದು ನೀಲಿ. ಹಳ್ಳ ಬಳಸಿ, ಎಮ್ಮೆಯ ಕೋಡಿನಂತೆ ಬಾಗಿ, ಅದೇ ಕೇರಿಗೆ ಮುಟ್ಟಿತ್ತು.

“ಏನ್ರಿ ಸಿಸ್ಟರ್, ಹವಾ ತಿನ್ನಾಕ ಹೊಂಟಿದ್ರೇನ?” ಅಂದರು ಸಾಹೇಬರು.

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

ಕೇರಿಯ ದಾರಿ ಒಂದು ಹೊಲದ ಅಂಚಿನಲ್ಲಿ ಹಾದುಹೋಗುತ್ತದೆ. ಅದು ಊರಿನ ದಾರಿ ಎಂದು ಎಲ್ಲರಿಗೂ ಗೊತ್ತು. ಆದರೂ ಹೊಲದವರು ಮುಳ್ಳುತಂತಿ ಬಿಗಿದರು. ಅವರು ನನಗೆ ದೂರದ ಸಂಬಂಧಿ. ಅವರಿಗೆ ಒಂದು ಮಾತು ಹೇಳಿ ಎಂದು ಕೇರಿಯ ರತ್ನವ್ವ, ಏಳು ತಿಂಗಳ ಬಸುರಿ, ಕೇಳಿಕೊಂಡಿದ್ದಳು. ನೋಡೋಣ ಅಂದೆ, ಹೇಳಲಿಲ್ಲ. ಬಳಸಿ ನಡೆದರೆ ಮೈ ಇಳಿಯುತ್ತದೆ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಸಭೆಯಲ್ಲಿ ಎದ್ದು ನಿಂತೆ. “ದಾರಿಗೆ ತಂತಿ ಬಿಗದಾರ್ರಿ. ನನ್ನ ಕೈಯಾಗ ಟ್ಯಾಬ್ ಐತಿ, ಅದಕ್ಕ ನಾ ಸುತ್ತಿದ್ದು ನಿಮಗ ಕಾಣಸ್ತು. ರತ್ನವ್ವ ಹೊಟ್ಟಿ ಹೊತ್ಕೊಂಡು ದಿನಾ ಸುತ್ತತಾಳ. ಆಕಿ ಗೆರಿ ಎಲ್ಲೈತಿ ತೋರಸ್ರಿ.”

ಯಾರೂ ನಗಲಿಲ್ಲ. ಸಾಹೇಬರು ಗೆರೆಗಳನ್ನು ಹಾಳೆಗೆ ಇಳಿಸಿಕೊಟ್ಟರು. ಕೇರಿಯವರ ಅರ್ಜಿಗೆ ಅದನ್ನು ಲಗತ್ತಿಸಿ ತಹಶೀಲ್ದಾರರ ಕಚೇರಿಗೆ ಕೊಟ್ಟೆವು. ಹಸಿರು ಗೆರೆ ಇದ್ದಲ್ಲೇ ಆ ಕಚೇರಿಯ ಹಳೆಯ ಕಾಗದದಲ್ಲೂ ದಾರಿ ಇತ್ತು. ಸರ್ವೇಯವರು ಅಳೆದರು, ತಂತಿ ಕಿತ್ತರು. ಸಂಬಂಧಿಕರು ಮಗಳ ಲಗ್ನಕ್ಕೆ ನನ್ನನ್ನು ಕರೆಯಲಿಲ್ಲ.

ಮರುವಾರ ಹಳೆಯ ದಾರಿಯಲ್ಲೇ ಕೇರಿಗೆ ಹೋದೆ. ಸುಳ್ಳೇಕೆ, ಒಂದು ಹೊಗಳಿಕೆಯ ಆಸೆ ಇತ್ತು. ರತ್ನವ್ವ ಚಹಾ ಕೊಟ್ಟಳು, ತಪಾಸಣೆಗೆ ತೋಳು ಚಾಚಿದಳು. ಸಭೆಯ ಸುದ್ದಿ ಅವಳಿಗೂ ಮುಟ್ಟಿತ್ತು.

“ನಿಮ್ಮನ್ನ ನೋಡಿ ನಕ್ಕಿದ್ದಕ್ಕ ಸಿಟ್ಟ ಬಂತಂತಲ್ರಿ ಅಕ್ಕಾರ,” ಅಂದಳು, ಮೆಲ್ಲಗೆ. “ನಾವು ಸುತ್ತುವಾಗ ನಿಮಗ ಸಿಟ್ಟ ಬರಲಿಲ್ಲ.”

ಅವಳ ರಕ್ತದೊತ್ತಡ ಸರಿಯಾಗಿತ್ತು. ನನ್ನದನ್ನು ನೋಡಿಕೊಳ್ಳುವ ಧೈರ್ಯವಾಗಲಿಲ್ಲ.